ಎಡಗೈಗೆ ಒಂದು ಗಿಟಾರ್

ಹುಡುಗ ಹುಡುಗಿ ಒಮ್ಮೆ ಹೊರಗೆ ಭೇಟಿಯಾಗಿ ಮಾತಾಡಿಕೊಳ್ಳಲಿ ಎಂದು ಎರಡೂ ಮನೆಯವರು ದೊಡ್ಡ ಮನಸ್ಸು ಮಾಡಿದಾಗ, ಜಾಗವನ್ನು ಹುಡುಗಿಯೇ ಹೇಳಲಿ ಎಂಬ ಮಾತು ಬಂತು. ಐಸ್‌ಕ್ರೀಮ್ ಪಾರ್ಲರ್ ಎನ್ನುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮಂಗಳೂರಿನಲ್ಲಿ ಇಂಥ ಭೇಟಿಗಳೆಲ್ಲ ಐಸ್‌ಕ್ರೀಮಿನ ಸುತ್ತಲೇ ನಡೆಯುವುದು. ಸ್ಮೃತಿ ಹೇಳಿದ್ದು ಬಲ್ಮಠದ ಒಂದು ಗಿಟಾರ್ ಅಂಗಡಿ.

"ಶನಿವಾರ ನನಗೆ ಹೇಗೂ ಅಲ್ಲಿಗೆ ಹೋಗ್ಲಿಕ್ಕುಂಟು. ಎಲೆಕ್ಟ್ರಿಕ್ ಗಿಟಾರ್ ತಗೊಳ್ಬೇಕು. ನಿಮಗೆ ಬೋರ್ ಆಗುದಿಲ್ಲ ಅಂತಾದ್ರೆ ಬನ್ನಿ," ಎಂದು ಹರಿಕೃಷ್ಣನಿಗೆ ಮೆಸೇಜ್ ಹಾಕಿದಳು. ಹಾಕಿದ ಮೇಲೆ ಅದನ್ನೇ ಹತ್ತು ಸಲ ಓದಿದಳು. ಅಳಿಸಿಬಿಡಲೇ ಎನ್ನುವಷ್ಟರಲ್ಲಿ ಉತ್ತರ ಬಂತು.

"ಎಷ್ಟು ಗಂಟೆಗೆ?"

ಅಷ್ಟೇ. ಮಹಾನುಭಾವನಿಗೆ ಖುಷಿಯಾಗಿದೆಯೋ ಗಾಬರಿಯಾಗಿದೆಯೋ, ಆ ಎರಡು ಪದವನ್ನು ಎರಡು ದಿನ ಹಿಂಡಿದರೂ ಅವಳಿಗೆ ಗೊತ್ತಾಗಲಿಲ್ಲ.

ಸ್ಮೃತಿಗೆ ಇಪ್ಪತ್ತಾರು. ಕುಲಶೇಖರದ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಹರಿಕೃಷ್ಣ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾನೆ. ಅವನ ತಂದೆ ಬಾಲಚಂದ್ರ ಭಟ್ಟರು ದೇವಸ್ಥಾನದ ಅರ್ಚಕರು. ಅಪ್ಪನಿಗೆ ಮಂಡಿನೋವು ಜಾಸ್ತಿಯಾದ ದಿನ ಮಗನೇ ಬೆಳಗಿನ ಪೂಜೆ ಮುಗಿಸಿ, ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಕಾಲೇಜಿಗೆ ಓಡುತ್ತಾನೆ. ಹತ್ತು ದಿನದ ಹಿಂದೆ ಹುಡುಗಿ ನೋಡುವ ಶಾಸ್ತ್ರ ಮುಗಿದಿತ್ತು. ಅವತ್ತು ಎಲ್ಲರೂ ಅಡುಗೆ, ಹಾಡು, ನಕ್ಷತ್ರ ವಿಚಾರಿಸುತ್ತಿದ್ದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಕ್ಕಳು ಗಣಿತಕ್ಕೆ ಯಾಕೆ ಅಷ್ಟು ಹೆದರ್ತಾರೆ?" ಉತ್ತರ ಹೇಳುತ್ತ ಹೇಳುತ್ತ ಸ್ಮೃತಿಗೆ ಅವನು ಇಷ್ಟವಾಗಿಬಿಟ್ಟಿದ್ದ. ಭಾನುವಾರ ಎರಡೂ ಕಡೆಯವರು ಹೌದೋ ಅಲ್ಲವೋ ಎಂದು ತಿಳಿಸಬೇಕಿತ್ತು.

ಹೌದು ಎನ್ನಲು ಅವಳಿಗೆ ಅಡ್ಡಿಯಾಗಿದ್ದು ಒಂದೇ. ಅವಳ ಎಡಗೈ.

ಸ್ಮೃತಿ ಹುಟ್ಟಿನಿಂದ ಎಡಚಿ. ಊಟ, ತೀರ್ಥ, ಪ್ರಸಾದ, ಕೊಡುವುದು, ತೆಗೆದುಕೊಳ್ಳುವುದು ಎಲ್ಲವನ್ನೂ ಅಮ್ಮ ಮನೋರಮಾ ಗದರಿಸಿ, ಮುದ್ದು ಮಾಡಿ ಬಲಗೈಗೆ ದಾಟಿಸಿದ್ದರು. ಉಳಿದದ್ದೆಲ್ಲ ಎಡಗೈಯಲ್ಲೇ ಉಳಿದಿತ್ತು. ಶಾಲೆಯ ಬೋರ್ಡಿನ ಮೇಲೆ ಅವಳು ಬರೆಯುವುದೂ ಎಡಗೈಯಲ್ಲೇ. ಎರಡು ವರ್ಷದ ಹಿಂದೆ ಬಂದ ಒಂದು ಒಳ್ಳೆಯ ಸಂಬಂಧ ಇದೇ ಕಾರಣಕ್ಕೆ ಮುರಿದುಬಿದ್ದಿತ್ತು. ಎಡಚಿ ಹುಡುಗಿ ನೈವೇದ್ಯದ ಪಾತ್ರೆಗೆ ಕೈಹಾಕಿದರೆ ಹೇಗೆ ಎಂದು ಹುಡುಗನ ಅಜ್ಜಿ ಕೇಳಿದರಂತೆ. ಅಂದಿನಿಂದ ಮನೋರಮಾ ಒಂದು ಉಪಾಯ ಕಂಡುಕೊಂಡಿದ್ದರು.

"ಎಡಗೈಯಲ್ಲಿ ಕರ್ಚೀಫ್ ಹಿಡ್ಕೊ ಮಗಾ. ಕೈಯಲ್ಲಿ ಎಂತಾದ್ರೂ ಇದ್ರೆ ಅದು ಬೇರೆ ಕಡೆಗೆ ಹೋಗುದಿಲ್ಲ. ಅವರದ್ದು ದೇವರ ಕೆಲಸದ ಮನೆ. ನಿಶ್ಚಯ ಆಗುವವರೆಗೆ ತೋರಿಸ್ಬೇಡ. ಮತ್ತೆ ಎಲ್ಲ ಸರಿಯಾಗ್ತದೆ."

ಹೀಗಾಗಿ ಶನಿವಾರವೂ ಸ್ಮೃತಿಯ ಎಡಗೈಯಲ್ಲಿ ನೀಲಿ ಅಂಚಿನ ಕರ್ಚೀಫ್ ಇತ್ತು.

ಹರಿಕೃಷ್ಣ ಅವಳಿಗಿಂತ ಮೊದಲೇ ಬಂದಿದ್ದ. ಅಂಗಡಿಯ ಗಾಜಿನೊಳಗೆ ಸಾಲಾಗಿ ತೂಗುಹಾಕಿದ ಗಿಟಾರುಗಳನ್ನು, ಪಾಠವಾಗದ ಅಧ್ಯಾಯದಿಂದ ಪ್ರಶ್ನೆ ಬಂದಾಗ ಮಕ್ಕಳು ನೋಡುವ ಹಾಗೆ ನೋಡುತ್ತ ನಿಂತಿದ್ದ. ಅವಳನ್ನು ಕಂಡವನೇ ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿದ. ಪೂಜೆಯ ಹೊತ್ತಿಗೆ ಬೆರಳಲ್ಲಿ ಗಂಧ ಇರುತ್ತದಲ್ಲ, ಆ ಅಭ್ಯಾಸ. ಉಗುರಿನ ಬದಿಯಲ್ಲಿ ಇನ್ನೂ ಒಂದು ಚೂರು ಗಂಧ ಒಣಗಿ ಕೂತಿತ್ತು. ಅದನ್ನು ಒರಸಬೇಕು ಎನ್ನಿಸಿ ಸ್ಮೃತಿ ತನಗೆ ತಾನೇ ಬೈದುಕೊಂಡಳು.

ಇಬ್ಬರ ಮನೆಮಾತೂ ತುಳು. ಆದರೂ ಇಬ್ಬರೂ ಕನ್ನಡದಲ್ಲೇ ಮಾತಾಡಿದರು. ತುಳುವಿಗೆ ಇಳಿದರೆ ಆಗಲೇ ಮನೆಯವರಾಗಿಬಿಡುತ್ತೇವೆ ಎಂಬ ಸಂಕೋಚವಿರಬೇಕು.

"ನಾನು ಸ್ವಲ್ಪ ಓದಿಕೊಂಡು ಬಂದಿದ್ದೇನೆ," ಎಂದ ಹರಿಕೃಷ್ಣ, ಮೊಬೈಲ್ ತೆಗೆದು. "ನೆಕ್ ಸೊಟ್ಟ ಉಂಟಾ ನೋಡ್ಬೇಕಂತೆ. ಅದರ ಮೇಲಿನ ಲೋಹದ ಪಟ್ಟಿ ಉಂಟಲ್ಲ, ಫ್ರೆಟ್, ಅದರ ತುದಿ ಬೆರಳಿಗೆ ಚುಚ್ತದಾ ನೋಡ್ಬೇಕಂತೆ. ಬಣ್ಣ ನೋಡಿ ಮರುಳಾಗ್ಬಾರ್ದಂತೆ."

"ನೀವು ಯಾಕೆ ಓದಿದ್ದು?"

"ಸುಮ್ಮನೆ ನಿಂತ್ರೆ ನಿಮಗೆ ಬೋರ್ ಆಗ್ತದಲ್ಲ."

ಸ್ಮೃತಿಗೆ ನಗು ಬಂತು. ಒಳಗೊಳಗೇ ಹೆದರಿಕೆಯೂ ಆಯಿತು. ಇವನು ಇಷ್ಟು ಒಳ್ಳೆಯವನಾಗಿರುವುದು ಅವಳ ಲೆಕ್ಕದಲ್ಲಿ ಇರಲಿಲ್ಲ.

ಅಂಗಡಿಯಲ್ಲಿ ಗಿಟಾರ್ ತೋರಿಸುವವಳು ಆಂಡ್ರಿಯಾ. ಮದುವೆ ರಿಸೆಪ್ಶನ್‌ಗಳಲ್ಲಿ ಬ್ಯಾಂಡಿನ ಜೊತೆ ನುಡಿಸುವ ಹುಡುಗಿ, ಮಾತಿನಲ್ಲಿ ಸುತ್ತುಬಳಸು ಇಲ್ಲ.

"ಬಜೆಟ್ ಎಷ್ಟು?"

"ಹದಿನೈದು ಸಾವಿರ. ಮೇಲೆ ಒಂದು ರೂಪಾಯಿ ಇಲ್ಲ."

"ಆಂಪ್ ಸೇರಿಯಾ?"

"ಅದೂ ಬೇಕಾ?"

ಆಂಡ್ರಿಯಾ ಹಣೆ ಚಚ್ಚಿಕೊಂಡಳು. "ಬರೀ ಗಿಟಾರ್ ತಗೊಂಡು ಹೋದ್ರೆ ಸೊಳ್ಳೆ ಹಾಡಿದ ಹಾಗೆ ಕೇಳ್ತದೆ ಮಾರಾಯ್ತಿ. ಶಬ್ದ ಬರುದೇ ಆಂಪ್‌ನಿಂದ. ಹತ್ತರ ಒಳಗೆ ಗಿಟಾರ್ ನೋಡುವ, ನಾಲ್ಕಕ್ಕೆ ಸಣ್ಣ ಆಂಪ್, ಉಳಿದದ್ದಕ್ಕೆ ಕೇಬಲ್, ಬ್ಯಾಗು. ಆಯ್ತಾ?"

ಅವಳು ಎರಡು ಗಿಟಾರ್ ಕೆಳಗಿಳಿಸಿದಳು. ಒಂದು ಕೆಂಪು, ತಂತಿಯ ಅಡಿಯಲ್ಲಿ ಮೂರು ತೆಳು ಪಿಕಪ್‌ಗಳು. ಇನ್ನೊಂದು ಕಪ್ಪು, ಎರಡು ದಪ್ಪ ಪಿಕಪ್‌ಗಳು. "ತಂತಿ ಅಲ್ಲಾಡಿದ್ದನ್ನು ಆಂಪ್‌ಗೆ ಹೇಳುದು ಈ ಪಿಕಪ್. ಕೆಂಪಿನದ್ದು ತಿಳಿ ಶಬ್ದ, ಕಪ್ಪಿನದ್ದು ಗಡಸು. ಯಾವುದು ಬೇಕು?"

ಸ್ಮೃತಿಗೆ ಎರಡೂ ಬೇಕಿತ್ತು. ಆನ್‌ಲೈನ್‌ನಲ್ಲಿ ಮೂವತ್ತು ಮಂದಿಯ ಸಲಹೆ ಓದಿ ಬಂದಿದ್ದಳು. ಹದಿನೈದು ಮಂದಿ ಮೊದಲು ತಿಳಿ ಶಬ್ದದ್ದು ತಗೊಳ್ಳಿ ಎಂದಿದ್ದರು, ಉಳಿದ ಹದಿನೈದು ಮಂದಿ ಅದು ತಪ್ಪು ಎಂದಿದ್ದರು. ಹರಿಕೃಷ್ಣ ಒಂದು ಕಣ್ಣು ಮುಚ್ಚಿ ಕೆಂಪು ಗಿಟಾರಿನ ನೆಕ್ಕನ್ನು ಉದ್ದಕ್ಕೆ ನೋಡಿ, "ಸೊಟ್ಟ ಇಲ್ಲ ಅಂತ ಕಾಣ್ತದೆ. ನನ್ನ ಕಣ್ಣೇ ಸೊಟ್ಟ ಇದ್ರೆ ಗೊತ್ತಿಲ್ಲ," ಎಂದ.

"ಕೂತು ನುಡಿಸಿ ನೋಡಿ," ಎಂದು ಆಂಡ್ರಿಯಾ ಗಿಟಾರನ್ನು ಅವಳ ಮಡಿಲಿಗೆ ಕೊಟ್ಟಳು.

ಈಗ ಕರ್ಚೀಫನ್ನು ಕೆಳಗಿಡಲೇಬೇಕಾಯಿತು. ಅದನ್ನು ಇಟ್ಟದ್ದೇ ತಡ, ಎಡಗೈ ತಾನಾಗಿಯೇ ತಂತಿಗಳ ಕಡೆ ಹೋಯಿತು. ಸ್ಮೃತಿ ಬೆಚ್ಚಿ ಅದನ್ನು ಹಿಂದಕ್ಕೆ ಎಳೆದುಕೊಂಡು, ಗಿಟಾರನ್ನು ತಿರುಗಿಸಿ, ಬಲಗೈಯವರು ಹಿಡಿಯುವಂತೆ ಹಿಡಿದಳು. ಬಿ.ಎಡ್. ಓದುವಾಗ ರೂಮ್‌ಮೇಟ್ ಎಲೇನಳ ಗಿಟಾರನ್ನು ತಲೆಕೆಳಗು ಮಾಡಿ, ಎಡಗೈಯಲ್ಲಿ ಮೀಟುತ್ತ ಮೂರು ಕಾರ್ಡ್, ಎಂದರೆ ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ, ಕಲಿತಿದ್ದಳು. ಆ ಮೂರೇ ಕಾರ್ಡಿನಲ್ಲಿ ಒಂದು ವರ್ಷ ಸುಖವಾಗಿ ಕಳೆದಿದ್ದಳು. ಈಗ ಬಲಗೈಯಲ್ಲಿ ಒಂದು ಕಾರ್ಡೂ ಬರಲಿಲ್ಲ. ಬೆರಳುಗಳು ಯಾರದೋ ಬೆರಳುಗಳ ಹಾಗೆ ತಡವರಿಸಿದವು. ಆಂಪ್‌ನಿಂದ ಬಂದ ಶಬ್ದ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.

"ಅವತ್ತು ಸ್ವಲ್ಪ ನುಡಿಸ್ಲಿಕ್ಕೆ ಬರ್ತದೆ ಅಂದಿದ್ರಲ್ಲ?" ಎಂದ ಹರಿಕೃಷ್ಣ. ದನಿಯಲ್ಲಿ ಕುಚೇಷ್ಟೆ ಇರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ಬರ್ತಿತ್ತು. ಮರ್ತು ಹೋಗಿದೆ."

ಆಂಡ್ರಿಯಾ ಅವಳ ಕೈಗಳನ್ನೇ ನೋಡುತ್ತಿದ್ದಳು. "ನೀವು ಲೆಫ್ಟಿಯಾ?"

"ಅಲ್ಲ!" ಎಂದಳು ಸ್ಮೃತಿ, ಬೇಕಾದ್ದಕ್ಕಿಂತ ಜೋರಾಗಿ.

"ಅಲ್ಲದಿದ್ರೆ ಅಲ್ಲ. ಲೆಫ್ಟಿದ್ದು ಒಂದೇ ಪೀಸ್ ಉಂಟು, ಅದಕ್ಕೆ ಕೇಳಿದ್ದು." ಆಂಡ್ರಿಯಾ ಮೂಲೆಯತ್ತ ಕೈತೋರಿಸಿದಳು. ಅಲ್ಲೊಂದು ತಿಳಿಹಸಿರು ಗಿಟಾರ್, ಉಳಿದವೆಲ್ಲ ಒಂದು ಕಡೆ ಮುಖ ಮಾಡಿದ್ದರೆ ಅದೊಂದು ಇನ್ನೊಂದು ಕಡೆ ಮುಖ ಮಾಡಿ ತೂಗುತ್ತಿತ್ತು. "ಯಾರೋ ಆರ್ಡರ್ ಕೊಟ್ಟು ತಗೊಳ್ಳಿಕ್ಕೆ ಬರ್ಲಿಲ್ಲ. ಹದಿನಾಲ್ಕೂವರೆ."

ಸ್ಮೃತಿ ಅದನ್ನು ನೋಡಿ ಬೇಗ ಕಣ್ಣು ತೆಗೆದಳು. ಅಷ್ಟರಲ್ಲೇ ಮನಸ್ಸು ಅದರ ಮೇಲೆ ಕೂತುಬಿಟ್ಟಿತ್ತು.

ಅವಳು ಕಪ್ಪು ಗಿಟಾರಿನ ಜೊತೆ ಒದ್ದಾಡುತ್ತಿದ್ದಾಗ ಹರಿಕೃಷ್ಣ ಆಂಡ್ರಿಯಾಳನ್ನು ಬದಿಗೆ ಕರೆದು ಏನೋ ಕೇಳಿದ. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಆಂಡ್ರಿಯಾ ನಕ್ಕಳು, ಇವನೂ ನಕ್ಕ. ಸ್ಮೃತಿಯ ಬೆರಳು ತಂತಿಯ ಮೇಲೇ ನಿಂತಿತು. ಇನ್ನೂ ಹೌದು ಎನ್ನದ ಹುಡುಗನ ಬಗ್ಗೆ ಹೊಟ್ಟೆಕಿಚ್ಚು ಪಡುವ ಹಕ್ಕು ತನಗಿದೆಯೇ ಎಂದು ಯೋಚಿಸಿದಳು. ಹಕ್ಕು ಇರಲಿಲ್ಲ, ಕಿಚ್ಚು ಮಾತ್ರ ಇತ್ತು.

"ಕೆಂಪಿನದ್ದು ಬಿಲ್ ಮಾಡಿ," ಎಂದಳು, ಎದ್ದು ನಿಂತು.

"ಬೇಡ," ಎಂದ ಹರಿಕೃಷ್ಣ. "ಇವತ್ತು ತಗೊಳ್ಬೇಡಿ."

ಸ್ಮೃತಿ ಅವನನ್ನೇ ನೋಡಿದಳು. ಮದುವೆಯ ಮಾತು ಇನ್ನೂ ಮುಗಿದಿಲ್ಲ, ಆಗಲೇ 'ಬೇಡ' ಶುರುವಾಯಿತು. ಅವನು ಕನ್ನಡಕ ತಳ್ಳಿಕೊಂಡು, "ಒಂದು ಕಾಫಿ ಕುಡಿದು ಬರುವ. ಪ್ಲೀಸ್," ಎಂದ. ಕೋಪ ಮಾಡಿಕೊಳ್ಳಲೂ ಆಗದಷ್ಟು ಮೆತ್ತಗೆ ಕೇಳುವವರಿಗೆ ಏನು ಮಾಡುವುದು? ಅವಳು ಕರ್ಚೀಫ್ ಎತ್ತಿಕೊಂಡು ಹಿಂದೆ ನಡೆದಳು.

ಎದುರಿನ ಹೋಟೆಲಿನಲ್ಲಿ ಸಪ್ಲಾಯರ್ ಎರಡು ಕಾಫಿ, ಒಂದು ಪ್ಲೇಟ್ ಗೋಳಿಬಜೆ ತಂದಿಟ್ಟ.

"ನಿಮ್ಮ ಮನೆಯಲ್ಲಿ ಗಿಟಾರ್ ಆಗುದಿಲ್ಲ ಅಂತಾದ್ರೆ ನೇರ ಹೇಳಿ," ಎಂದಳು ಸ್ಮೃತಿ. "ಇದು ನನ್ನ ದುಡ್ಡು. ಒಂದೂವರೆ ವರ್ಷದಿಂದ ಎತ್ತಿಟ್ಟದ್ದು."

"ಗಿಟಾರ್ ಯಾಕೆ ಆಗುದಿಲ್ಲ? ಆಗ್ತದೆ. ಆ ಕೆಂಪಿನದ್ದು ನಿಮ್ಮದಲ್ಲ ಅಂತ ಕಂಡಿತು, ಅಷ್ಟೇ."

"ಹಾಗಂದ್ರೆ ಎಂತ?"

ಅವನು ಒಂದು ಗುಟುಕು ಕಾಫಿ ಕುಡಿದ. ಮತ್ತೆ ಲೋಟ ಕೆಳಗಿಟ್ಟು, ಮೇಜಿಗೆ ಹೇಳುವವನಂತೆ ಹೇಳಿದ. "ನಾಳೆ ಅಪ್ಪ ಕೇಳ್ತಾರೆ. ಸಂಬಂಧ ತಂದ ದಲ್ಲಾಳಿ ಭಟ್ಟರ ಬಾಯಲ್ಲಿ ಹೋಗಿ, ಅಲ್ಲಿಂದ ಬಂದು, ಅದೆಲ್ಲ ನನಗೆ ಆಗುದಿಲ್ಲ. ನನ್ನ ಕಡೆಯಿಂದ ಹೌದು. ನೀವು ಅವತ್ತು ಗಣಿತದ ಬಗ್ಗೆ ಹೇಳಿದಿರಲ್ಲ, ಮಕ್ಕಳು ತಪ್ಪಿಗೆ ಹೆದರುದು, ಲೆಕ್ಕಕ್ಕೆ ಅಲ್ಲ ಅಂತ. ಆವಾಗಿಂದಲೇ ಹೌದು. ನಿಮ್ಮದು?"

ಹತ್ತು ದಿನ ಅವಳು ಕಾದಿದ್ದು ಇದೇ ಮಾತಿಗೆ. ಬಂದಾಗ ಕಣ್ಣು ಮಂಜಾಯಿತು. ಹೌದು ಎಂದರೆ ಸಾಕಿತ್ತು. ಆದರೆ ಅವನು ಹೌದು ಎಂದದ್ದು ಕರ್ಚೀಫ್ ಹಿಡಿದ ಹುಡುಗಿಗೆ. ಈಗ ಹೌದು ಎಂದರೆ ಇನ್ನೊಬ್ಬಳ ಪರವಾಗಿ ಸಹಿ ಹಾಕಿದಂತಾಗುತ್ತದೆ ಎನಿಸಿತು.

ಅವಳು ಕರ್ಚೀಫನ್ನು ಮಡಚಿ ಬ್ಯಾಗಿನೊಳಗೆ ಹಾಕಿದಳು. ಎಡಗೈ ಚಾಚಿ ಒಂದು ಗೋಳಿಬಜೆ ಎತ್ತಿ, ಚಟ್ನಿಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡಳು. ಅರ್ಚಕರ ಮಗನ ಎದುರು, ತುಂಬಿದ ಹೋಟೆಲಿನಲ್ಲಿ, ಎಡಗೈಯಲ್ಲಿ. ಪಕ್ಕದ ಮೇಜಿನ ಹೆಂಗಸು ಮುಖ ಕಿವುಚಿದರು. ಚಟ್ನಿ ಅರ್ಧ ಅವಳ ಗಲ್ಲಕ್ಕೆ ಬಿತ್ತು.

"ನಾನು ಲೆಫ್ಟಿ," ಎಂದಳು. "ಆಂಡ್ರಿಯಾಗೆ ಸುಳ್ಳು ಹೇಳಿದ್ದು. ನಿಮಗೂ."

ಹರಿಕೃಷ್ಣ ಅವಳ ಗಲ್ಲವನ್ನೇ ನೋಡುತ್ತಿದ್ದ. ಮತ್ತೆ ನಗತೊಡಗಿದ. "ಊಟವೂ ಎಡಗೈಯಲ್ಲೇ ಮಾಡುದಾ?"

"ಇಲ್ಲ. ಜೀವನದಲ್ಲಿ ಇದೇ ಮೊದಲು."

"ಕಾಣ್ತದೆ," ಎಂದು ಟಿಶ್ಯೂ ಪೇಪರ್ ಕೊಟ್ಟ. "ನನಗೆ ಗೊತ್ತಿತ್ತು ಮಾರಾಯ್ರೆ. ಅವತ್ತು ಟ್ರೇಯಿಂದ ಲೋಟ ಜಾರಿದಾಗ ಹಿಡಿದದ್ದು ಎಡಗೈ. ಮತ್ತೆ ಆ ಕರ್ಚೀಫ್. ಅಂಥ ಸೆಕೆಯಲ್ಲಿ ಎರಡು ಗಂಟೆ ಕೂತ್ರಿ, ಒಮ್ಮೆಯೂ ಬೆವರು ಒರಸ್ಲಿಲ್ಲ. ಆಂಡ್ರಿಯಾ ಹತ್ರ ಕೇಳಿದ್ದೂ ಅದೇ, ಆ ಹಸಿರಿನದ್ದನ್ನು ಸೋಮವಾರದವರೆಗೆ ಯಾರಿಗೂ ಕೊಡ್ಬೇಡಿ ಅಂತ."

"ಗೊತ್ತಿದ್ದೂ ಸುಮ್ಮನೆ ಇದ್ರಾ? ನಾನು ಅಲ್ಲಿ ಒದ್ದಾಡುದನ್ನು ನೋಡ್ತಾ?"

"ಹೇಳುದು ನಿಮ್ಮ ವಿಷಯ ಅಲ್ವಾ? ನಾನು ಹೇಗೆ ಹೇಳುದು?"

ಅವಳಿಗೆ ಅವನನ್ನು ಹೊಡೆಯಬೇಕೋ, ಅವನ ಉಗುರಿನ ಗಂಧ ಒರಸಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಕೇಳಬೇಕಾದ್ದನ್ನು ಕೇಳಿದಳು. "ನಿಮ್ಮ ಅಪ್ಪ ಅಮ್ಮನಿಗೆ?"

ನಗು ನಿಂತಿತು. "ಅಪ್ಪನ ಹತ್ರ ಮಾತಾಡ್ಬಹುದು. ಅಮ್ಮನಿಗೆ ಸ್ವಲ್ಪ ಕಷ್ಟ. ಮದುವೆ ಆಗ್ಲಿ, ನಿಧಾನಕ್ಕೆ ಹೇಳುವ."

"ನನ್ನ ಅಮ್ಮನೂ ಅದನ್ನೇ ಹೇಳುದು. ನಿಶ್ಚಯ ಆಗ್ಲಿ, ಮದುವೆ ಆಗ್ಲಿ, ಮಕ್ಕಳಾಗ್ಲಿ." ಸ್ಮೃತಿ ಬ್ಯಾಗನ್ನು ಹೆಗಲಿಗೇರಿಸಿದಳು. "ಆವರೆಗೆ ನಿಮ್ಮ ಮನೆಯಲ್ಲೂ ಕರ್ಚೀಫ್ ಹಿಡ್ಕೊಂಡು ತಿರುಗಾಡ್ಬೇಕಾ? ನೀವು ನನಗೆ ಇಷ್ಟ. ತುಂಬ ಇಷ್ಟ. ಆದ್ರೆ ಅಡಗಿಸಿಟ್ಟು ಬರ್ಲಿಕ್ಕೆ ನನಗೆ ಆಗುದಿಲ್ಲ. ನೀವು ನಿಧಾನಕ್ಕೆ ಹೇಳುದಾದ್ರೆ ನನ್ನ ಉತ್ತರವೂ ನಿಧಾನಕ್ಕೇ."

ಎದ್ದು ಹೊರಟಳು. ರಸ್ತೆ ದಾಟುವಾಗ ಅಳು ಬರುತ್ತಿತ್ತು. ಇಷ್ಟ ಎಂದು ಹೇಳಿದ ಉಸಿರಿನಲ್ಲೇ ಬಿಟ್ಟು ಬಂದೆನಲ್ಲ, ಇದು ಜಾಣತನವೋ ಹುಚ್ಚೋ ಎಂದು ಗೊತ್ತಾಗಲಿಲ್ಲ. ಕಾಲುಗಳು ಮಾತ್ರ ಯಾವ ಗೊಂದಲವೂ ಇಲ್ಲದೆ ನೇರ ಅಂಗಡಿಗೆ ಹೋದವು.

"ಹಸಿರಿನದ್ದು ಕೊಡಿ," ಎಂದಳು.

"ಆಂಪ್‌ಗೆ ದುಡ್ಡು ಉಳಿಯುದಿಲ್ಲ," ಎಂದಳು ಆಂಡ್ರಿಯಾ.

"ಸೊಳ್ಳೆ ಹಾಡಿದ ಹಾಗೆ ಕೇಳ್ಲಿ. ತೊಂದರೆ ಇಲ್ಲ."

ಆಂಡ್ರಿಯಾ ಗಿಟಾರ್ ಇಳಿಸಿ, ಶ್ರುತಿ ಮಾಡಿ, "ಇವತ್ತಿಗೆ ನಮ್ಮ ಆಂಪ್ ಫ್ರೀ," ಎಂದು ಕೇಬಲ್ ಸಿಕ್ಕಿಸಿ ಕೊಟ್ಟಳು. ಸ್ಮೃತಿ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಎಡಗೈ ತಂತಿಯ ಮೇಲೆ, ಬಲಗೈ ನೆಕ್ಕಿನ ಮೇಲೆ. ಏನನ್ನೂ ತಿರುಗಿಸಬೇಕಾಗಲಿಲ್ಲ. ಇನ್ನೂ ಮೀಟಿರಲಿಲ್ಲ, ಆಗಲೇ ಭುಜ ಸಡಿಲವಾಯಿತು.

ಬಾಗಿಲು ದೂಡಿಕೊಂಡು ಹರಿಕೃಷ್ಣ ಒಳಗೆ ಬಂದ. ಏದುಸಿರು. ಕನ್ನಡಕ ಮೂಗಿನ ತುದಿಯಲ್ಲಿತ್ತು, ತಳ್ಳಿಕೊಳ್ಳುವ ಪರಿವೆಯೂ ಇರಲಿಲ್ಲ. ಕೈಯಲ್ಲಿದ್ದ ಫೋನನ್ನು ಅವಳ ಮುಂದೆ ಹಿಡಿದ. "ಅಪ್ಪ. ಎಲ್ಲ ಹೇಳಿದ್ದೇನೆ. ಸ್ಪೀಕರ್‌ನಲ್ಲಿದ್ದಾರೆ."

ಸ್ಮೃತಿ ಗಿಟಾರನ್ನು ಅವುಚಿಕೊಂಡಳು.

"ಸ್ಮೃತಿಯಾ?" ಬಾಲಚಂದ್ರ ಭಟ್ಟರ ದನಿ ಮಂತ್ರ ಹೇಳಿ ಹೇಳಿ ಒರಟಾಗಿತ್ತು. "ಇವನು ರಸ್ತೆಯಲ್ಲಿ ನಿಂತು ಒಂದೇ ಉಸಿರಿಗೆ ಎಂತೆಂತದೋ ಹೇಳಿದ. ನೀನು ಎಡಗೈಯವಳಂತೆ ಹೌದಾ ಮಗಾ?"

"ಹೌದು."

"ಒಂದು ಕೇಳ್ತೇನೆ. ಮಂಗಳಾರತಿ ಮಾಡುವಾಗ ನನ್ನ ಬಲಗೈಯಲ್ಲಿ ಎಂತ ಇರ್ತದೆ?"

"ಆರತಿ."

"ಗಂಟೆ?"

ಸ್ಮೃತಿ ಕಣ್ಣು ಮುಚ್ಚಿದಳು. ಸಣ್ಣಂದಿನಿಂದ ನೋಡಿದ ಎಲ್ಲ ಆರತಿಗಳೂ ಒಟ್ಟಿಗೆ ಕಂಡವು. ಒಂದು ದಿನವೂ ಅವಳು ಇದನ್ನು ಗಮನಿಸಿರಲಿಲ್ಲ. "ಎಡಗೈಯಲ್ಲಿ," ಎಂದಳು.

"ಹಾಂ. ನಲವತ್ತೊಂದು ವರ್ಷದಿಂದ ದೇವರ ಎದುರು ಎಡಗೈಯಲ್ಲೇ ಶಬ್ದ ಮಾಡ್ತಾ ಇದ್ದೇನೆ. ಅವನು ಒಮ್ಮೆಯೂ ಕಿವಿ ಮುಚ್ಚಿಕೊಂಡದ್ದಿಲ್ಲ. ಮತ್ತೆ ನಾವು ಯಾರು?" ಭಟ್ಟರು ಕೆಮ್ಮಿದರು. "ಇವನ ಅಮ್ಮನಿಗೆ ಬೇಜಾರಾಗ್ತದೆ, ಸುಳ್ಳು ಯಾಕೆ ಹೇಳ್ಲಿ? ಎರಡು ದಿನ ಮಾತು ಬಿಡ್ತಾಳೆ. ಆದ್ರೆ ಬಿಡುದು ನನ್ನ ಹತ್ರ, ನಿನ್ನ ಹತ್ರ ಅಲ್ಲ. ಅದು ನನಗೆ ಅಭ್ಯಾಸ ಉಂಟು."

ಸ್ಮೃತಿ ನಗುತ್ತಿದ್ದಳು, ಕಣ್ಣೀರೂ ಇಳಿಯುತ್ತಿತ್ತು. ಎದುರಿಗೆ ಹರಿಕೃಷ್ಣ ಫೋನು ಹಿಡಿದುಕೊಂಡೇ ನಿಂತಿದ್ದ. ಕೊನೆಗೆ, "ನಿಧಾನಕ್ಕೆ ಅಂದದ್ದು ತಪ್ಪು," ಎಂದ. "ಹೆದರಿ ಅಂದದ್ದು."

ಎಲೇನಳ ಕೋಣೆಯಲ್ಲಿ ಕಲಿತ ಮೂರು ಕಾರ್ಡ್‌ಗಳನ್ನು ಅವಳು ಒಂದರ ಹಿಂದೆ ಒಂದು ಮೀಟಿದಳು. ತಲೆಕೆಳಗಾಗಿ ಕಲಿತದ್ದು ನೆಟ್ಟಗಿನ ತಂತಿಗಳ ಮೇಲೆ ಅಲ್ಲಲ್ಲಿ ತಪ್ಪಿತು. ಆಂಡ್ರಿಯಾ ಆಂಪ್‌ನ ವಾಲ್ಯೂಮ್ ಕಡಿಮೆ ಮಾಡುವುದನ್ನು ಮರೆತಿದ್ದಳು. ಗೋಡೆಯ ಮೇಲಿನ ಗಿಟಾರುಗಳೆಲ್ಲ ಗುಂಯ್ ಎಂದವು.

"ಅದೆಂತ ಶಬ್ದ ಮಾರಾಯಾ?" ಎಂದರು ಫೋನಿನಲ್ಲಿ ಭಟ್ಟರು, ಗಾಬರಿಯಾಗಿ.

"ಅವರ ಉತ್ತರ, ಅಪ್ಪ," ಎಂದ ಹರಿಕೃಷ್ಣ. ಅವನ ಮುಖ ಅರಳಿತ್ತು.

"ಹೌದಂತಾ, ಅಲ್ಲಂತಾ? ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಬಾಯಲ್ಲಿ ಹೇಳ್ಲಿಕ್ಕೆ ಹೇಳು."

ಸ್ಮೃತಿ ಫೋನಿನ ಹತ್ತಿರ ಬಾಗಿದಳು. ಹೇಳುವುದು ಫೋನಿಗಾದರೂ ಅವಳ ಕಣ್ಣು ಹರಿಕೃಷ್ಣನ ಮೇಲೆಯೇ ಇತ್ತು.

"ಹೌದು, ಮಾವ," ಎಂದಳು.